ಫಿಯಟ್ಟಾ, ಅಂಬಾಸಡರ್ರಾ, ಹೆರಾಲ್ಡಾ? ಆಗುಂಬೆ ಘಾಟಿಯಲ್ಲಿ ಮೂರನ್ನೂ ಓಡಿಸಿದವನ ಲೆಕ್ಕ

ಅರವತ್ತು ದಾಟಿದ ನಾಲ್ಕು ಜನ ಒಂದು ಕಡೆ ಕೂತರೆ, ಕಾಫಿ ಬರುವುದರೊಳಗೆ ಯಾರಾದರೊಬ್ಬರು ಈ ಮಾತು ತೆಗೆಯುತ್ತಾರೆ. ಫಿಯಟ್ ಒಳ್ಳೆಯದಿತ್ತಾ, ಅಂಬಾಸಡರ್ ಒಳ್ಳೆಯದಿತ್ತಾ? ಇಬ್ಬರು ಆ ಕಡೆ, ಇಬ್ಬರು ಈ ಕಡೆ. ಜೋರಾಗಿ ವಾದ ಮಾಡುವವರಲ್ಲಿ ಹೆಚ್ಚಿನವರು ಒಂದನ್ನು ಮಾತ್ರ ಓಡಿಸಿದವರು. ಇನ್ನೊಂದರಲ್ಲಿ ಹಿಂದಿನ ಸೀಟಿನಲ್ಲಿ ಕೂತು ಮದುವೆಗೆ ಹೋದವರು, ಅಷ್ಟೆ. ನನಗೆ ಆ ಕಾಲದಲ್ಲಿ ಎರಡನ್ನೂ ಓಡಿಸುವ ಯೋಗ ಸಿಕ್ಕಿತ್ತು. ಜೊತೆಗೆ, ಈ ವಾದದಲ್ಲಿ ಯಾರೂ ಹೆಸರೆತ್ತದ ಇನ್ನೊಂದು ಕಾರೂ ಕೈಗೆ ಬಂದಿತ್ತು. ಸ್ಟ್ಯಾಂಡರ್ಡ್ ಹೆರಾಲ್ಡ್.

ಮೂರೂ ನನ್ನವಲ್ಲ. ಅಂಬಾಸಡರ್ ದೊಡ್ಡಪ್ಪನದು, ಮಾರ್ಕ್ ಟು. ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದ ಮನೆಯಲ್ಲಿತ್ತು. ಫಿಯಟ್ ಮೈಸೂರಿನ ಸೋದರಮಾವನದು. ರಜೆಗೆ ಅವರು ಊರಿಗೆ ಬಂದಾಗ ಕೀ ನನ್ನ ಕೈಗೆ ಬರುತ್ತಿತ್ತು. ಹೆರಾಲ್ಡ್ ನಮ್ಮೂರ ಡಾಕ್ಟರದು, ಎರಡು ಬಾಗಿಲಿನದು. ಅವರಿಗೆ ರಾತ್ರಿ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಕತ್ತಲಾದ ಮೇಲೆ ಯಾವುದಾದರೂ ಹಳ್ಳಿಯಿಂದ ಕರೆ ಬಂದರೆ, "ಸ್ವಲ್ಪ ಬಾ ಮಾರಾಯ" ಅಂತ ನನಗೆ ಹೇಳಿ ಕಳಿಸುತ್ತಿದ್ದರು. 1970ರ ದಶಕದ ಕೊನೆ, 80ರ ದಶಕದ ಶುರು. ಯಾರ ಕಾರಾದರೂ ಸರಿ, ಓಡಿಸಲು ಕೊಟ್ಟರೆ ಸಾಕು ಅನ್ನುವ ವಯಸ್ಸು ನನ್ನದು.

ಮೂರಕ್ಕೂ ರಸ್ತೆ ಮಾತ್ರ ಒಂದೇ. ತೀರ್ಥಹಳ್ಳಿಯಿಂದ ಆಗುಂಬೆ, ಘಾಟಿ ಇಳಿದು ಸೋಮೇಶ್ವರ, ಹೆಬ್ರಿ, ಉಡುಪಿ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಆಗುಂಬೆ. ಕೆಳಗೆ ಇಳಿದರೆ ಕರಾವಳಿಯ ಸೆಕೆ. ಕಾರಿನ ಯೋಗ್ಯತೆ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಮೊದಲು ಇವುಗಳ ಕುಲಗೋತ್ರ ಹೇಳಿಬಿಡುತ್ತೇನೆ. ಅಂಬಾಸಡರ್ ಅಂದರೆ ಪಕ್ಕಾ ನಮ್ಮ ದೇಶದ ಕಾರು ಅಂತ ನಾವೆಲ್ಲ ನಂಬಿದ್ದೆವು. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅಲ್ಲಿ ಅದು 1956ರಿಂದ 1959ರವರೆಗೆ ಮಾತ್ರ ತಯಾರಾಯಿತು. ಕಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್‌ನವರು ಅದನ್ನೇ ಹಿಡಿದುಕೊಂಡು 2014ರವರೆಗೂ ಮಾಡಿದರು. ಹುಟ್ಟಿದ ಮನೆಯಲ್ಲಿ ಮೂರು ವರ್ಷ, ಕೊಟ್ಟ ಮನೆಯಲ್ಲಿ ಐವತ್ತಕ್ಕೂ ಜಾಸ್ತಿ. ಫಿಯಟ್ 1100 ಇಟಲಿಯ ಟ್ಯೂರಿನ್ನಿನದು. ಆ ಸಾಲಿನ ಕಾರು 1953ರಲ್ಲಿ ಬಂತು. ಡಾಂಟೆ ಜಿಯಕೋಸ ಅನ್ನುವ ದೊಡ್ಡ ಎಂಜಿನಿಯರ್ ಅದರ ಹಿಂದೆ ಇದ್ದವರು. ಇಲ್ಲಿ ಅದನ್ನು ಮಾಡಿದ್ದು ಮುಂಬಯಿಯ ಕುರ್ಲಾದಲ್ಲಿ, ಪ್ರೀಮಿಯರ್ ಆಟೊಮೊಬೈಲ್ಸ್‌ನವರು. ಮೊದಲು ಬಂದ ಗುಂಡುಗುಂಡಗಿನ ಫಿಯಟ್‌ನ ಮುಂದಿನ ಬಾಗಿಲು ಉಲ್ಟಾ ತೆರೆಯುತ್ತಿತ್ತು, ಹಿಂಜು ಹಿಂದಿನ ಕಡೆ. ಮಾವನದು ಆಮೇಲಿನ ಡಿಲೈಟ್. ಬಾಗಿಲು ಸರಿಯಾದದ್ದು, ಹಿಂದುಗಡೆ ಎರಡು ಪುಟ್ಟ ರೆಕ್ಕೆ. ಅದೇ ಕಾರು ಮುಂದೆ ಪ್ರೆಸಿಡೆಂಟ್ ಆಯಿತು, 1974ರಿಂದ ಪದ್ಮಿನಿ ಆಯಿತು. ಏನೇ ಹೆಸರಿಟ್ಟರೂ ನಮ್ಮ ಜನ ಫಿಯಟ್ ಅನ್ನುವುದನ್ನು ಬಿಡಲಿಲ್ಲ.

ಹೆರಾಲ್ಡ್ ಕತೆ ಇವೆರಡಕ್ಕಿಂತ ಮಜವಾಗಿದೆ. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ 1959ರಲ್ಲಿ ಬಂತು. ರೂಪ ಕೊಟ್ಟವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಆ ಹೊತ್ತಿಗೆ ಎಲ್ಲರೂ ಷಾಸಿ, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ಬಿಟ್ಟು, ಬಾಡಿಯನ್ನೇ ಒಂದು ಗಟ್ಟಿ ಪೆಟ್ಟಿಗೆ ಮಾಡುವ ಕಾಲ. ಹೆರಾಲ್ಡ್ ಮಾತ್ರ ಲಾರಿಗಿದ್ದ ಹಾಗೆ ಬೇರೆ ಷಾಸಿ ಇಟ್ಟುಕೊಂಡಿತ್ತು. ಯಾಕೆ ಗೊತ್ತಾ? ಅವರಿಗೆ ಬಾಡಿ ಮಾಡಿಕೊಡುತ್ತಿದ್ದ ಫಿಷರ್ ಆ್ಯಂಡ್ ಲಡ್ಲೋ ಕಾರ್ಖಾನೆಯನ್ನು ಬಿಎಂಸಿ ಕೊಂಡುಕೊಂಡಿತ್ತು. ಬಿಎಂಸಿ ಅಂದರೆ ಮಾರಿಸ್ ಕಾರಿನವರೇ, ಅಂದರೆ ನಮ್ಮ ಅಂಬಾಸಡರ್‌ನ ತವರು. ಇಡೀ ಬಾಡಿ ಒಂದೇ ಕಡೆ ಮಾಡಿಸಲು ದಾರಿ ಇಲ್ಲದೆ ಟ್ರಯಂಫ್‌ನವರು ಅದನ್ನು ತುಂಡು ತುಂಡಾಗಿ ಬೇರೆಬೇರೆ ಕಡೆ ಮಾಡಿಸಿ ಷಾಸಿ ಮೇಲೆ ಬೋಲ್ಟು ಹಾಕಿ ಕೂರಿಸಿದರು. 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಮೋಟರ್‌ನವರು ಮಾಡಿದ್ದೂ ಅದನ್ನೇ. ನಮ್ಮ ಡಾಕ್ಟರ ಕಾರನ್ನು ಮೇಸ್ತ್ರಿ ಸ್ಪ್ಯಾನರ್ ಹಿಡಿದು ಬಿಚ್ಚುವುದನ್ನು ನೋಡಿದಾಗಲೆಲ್ಲ ಇದು ಕಾರೋ ಅಲಮಾರೋ ಅನ್ನಿಸುತ್ತಿತ್ತು.

ಈಗ ಒಳಗೆ ಹತ್ತೋಣ.

ಕೂರುವ ವಿಷಯದಲ್ಲಿ ಅಂಬಾಸಡರ್‌ಗೆ ಎದುರಾಳಿಯೇ ಇಲ್ಲ. ಅದರ ಹಿಂದಿನ ಸೀಟು ನಮ್ಮ ಮನೆಯ ಜಗಲಿಯ ಹಾಗೆ. ಬಂದವರು ಬಂದಂತೆ ಸರಿದು ಕೂರುವುದು. ಮುಂದೆಯೂ ಉದ್ದಕ್ಕೆ ಒಂದೇ ಸೀಟು, ಗೇರು ಸ್ಟೇರಿಂಗ್ ಕೆಳಗೆ. ಹಾಗಾಗಿ ನಡುವೆ ಒಬ್ಬರಲ್ಲ, ಒಬ್ಬರು ದೊಡ್ಡವರು, ಒಂದು ಮಗು, ಒಂದು ಹಣ್ಣಿನ ಬುಟ್ಟಿ. ದೊಡ್ಡಮ್ಮ ಮಂಡಿ ನೋವಿನವರು. ಸೀರೆ ಎತ್ತಿ ಹಿಡಿಯದೆ, ತಲೆ ಬಗ್ಗಿಸದೆ ಅವರು ಹತ್ತಿ ಕೂರುತ್ತಿದ್ದ ಒಂದೇ ಕಾರು ಇದು. ಬಾಗಿಲು ದೊಡ್ಡದು, ಸೀಟು ಎತ್ತರ, ಮೇಲೆ ಬೇಕಾದಷ್ಟು ಜಾಗ. "ಗಾಡಿಗೆ ಏನಾಗ್ತದೆ ಮಾರಾಯ, ಇನ್ನೂ ಇಬ್ಬರು ಹತ್ತಲಿ" ಅನ್ನುವುದು ದೊಡ್ಡಪ್ಪನ ಮಾಮೂಲಿ ಮಾತು. ಡಿಕ್ಕಿಯಲ್ಲಿ ಅಡಿಕೆ ಮೂಟೆ, ಮೇಲೆ ಕ್ಯಾರಿಯರ್ ಕಟ್ಟಿದರೆ ಹಾಸಿಗೆ ಸುರುಳಿ. ಗಾಡಿ ಹಿಂದುಗಡೆ ಸ್ವಲ್ಪ ತಗ್ಗುತ್ತಿತ್ತು, ಅಷ್ಟೆ.

ಫಿಯಟ್‌ನಲ್ಲೂ ಮುಂದಿನದು ಒಂದೇ ಸೀಟು, ಗೇರೂ ಸ್ಟೇರಿಂಗ್ ಕೆಳಗೇ. ಆದರೆ ಅಗಲ ಕಮ್ಮಿ. ನಾಲ್ಕು ಜನ ಆರಾಮ, ಐದಾದರೆ ಹೊಂದಿಕೊಳ್ಳಬೇಕು, ಆರಾದರೆ ಜಗಳ. ಇದು ಒಂದು ಸಂಸಾರದ ಕಾರು. ಕೂಡುಕುಟುಂಬದ್ದಲ್ಲ. ಮಾವ ಸೀಟಿಗೆ ಬಿಳಿ ಕವರ್ ಹಾಕಿಸಿದ್ದರು. "ಕಾಲು ಒರೆಸಿಕೊಂಡು ಹತ್ತು ಕಣೋ" ಅಂತ ನೂರು ಸಲ ಹೇಳಿಸಿಕೊಂಡಿದ್ದೇನೆ. ಮಲೆನಾಡಿನ ಕೆಸರಿಗೂ ಆ ಬಿಳಿ ಬಟ್ಟೆಗೂ ಆಗಿಬರಲೇ ಇಲ್ಲ.

ಹೆರಾಲ್ಡ್‌ನಲ್ಲಿ ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ ನುಸುಳಬೇಕು. ಡಾಕ್ಟರ ಕಾಂಪೌಂಡರ್ ಆ ಕೆಲಸದಲ್ಲಿ ಪಳಗಿದ್ದರು. ಬೇರೆ ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ. 60ರ ದಶಕದ ಕೊನೆಗೆ ಮದ್ರಾಸಿನವರೇ ಅದಕ್ಕೆ ನಾಲ್ಕು ಬಾಗಿಲು ಮಾಡಿ ಮಾರ್ಕ್ ತ್ರೀ ಅಂತ ಬಿಟ್ಟರು. ಇಂಗ್ಲೆಂಡಿನಲ್ಲಿ ನಾಲ್ಕು ಬಾಗಿಲಿನ ಹೆರಾಲ್ಡ್ ಇರಲೇ ಇಲ್ಲ. ಸೀರೆ ಉಡುವವರು ಇರುವ ದೇಶಕ್ಕೆ ಎರಡು ಬಾಗಿಲು ನಡೆಯುವುದಿಲ್ಲ ಅಂತ ಅರ್ಥ ಆಗಲು ಅವರಿಗೆ ಅಷ್ಟು ಕಾಲ ಬೇಕಾಯಿತು.

ಆದರೆ ಕೂರುವವನ ಸುಖ ಬೇರೆ, ಓಡಿಸುವವನ ಸುಖ ಬೇರೆ. ಡ್ರೈವರ್ ಸೀಟಿಗೆ ಬಂದರೆ ಲೆಕ್ಕ ಪೂರಾ ತಿರುಗಿಬಿಡುತ್ತದೆ.

ಅಂಬಾಸಡರ್ 1489 ಸಿಸಿ. ಫಿಯಟ್ 1089. ಹೆರಾಲ್ಡ್ ಬರೀ 948. ಕಾಗದದ ಮೇಲೆ ನೋಡಿದರೆ ದೊಡ್ಡಪ್ಪನ ಕಾರೇ ಮುಂದೆ ಇರಬೇಕು. ಆದರೆ ಅದರ ತೂಕ 1100 ಕಿಲೋ ದಾಟುತ್ತಿತ್ತು. ಫಿಯಟ್ 900ರ ಆಸುಪಾಸು, ಹೆರಾಲ್ಡ್ 800ರ ಹತ್ತಿರ. ಉದ್ದದಲ್ಲೂ ಅಂಬಾಸಡರ್ 4.3 ಮೀಟರ್, ಮಿಕ್ಕೆರಡು 3.9. ಈ ಲೆಕ್ಕ ಕೈಗೆ ತಕ್ಷಣ ಗೊತ್ತಾಗುತ್ತದೆ. ಅಂಬಾಸಡರ್ ಹೊರಡುವಾಗ ಯೋಚನೆ ಮಾಡಿ ಹೊರಡುತ್ತದೆ. ನಿಲ್ಲುವಾಗಲೂ ಹಾಗೆಯೇ. ನಿಂತ ಜಾಗದಲ್ಲಿ ಸ್ಟೇರಿಂಗ್ ತಿರುಗಿಸಿದರೆ ಭುಜ ಹಿಡಿದುಕೊಳ್ಳುತ್ತದೆ. ಕ್ಲಚ್ಚು ಗಟ್ಟಿ. ಒಂದು ಸಲ ಟಾಪ್ ಗೇರಿಗೆ ಬಂತು ಅಂದರೆ ಮಾತ್ರ ಅದರಷ್ಟು ನೆಮ್ಮದಿಯ ಗಾಡಿ ಇಲ್ಲ. ಗುಂಡಿ ಬಂದರೂ ಇಳಿಸಬೇಕಾಗಿಲ್ಲ. ಎಂಜಿನ್ನು ಎಷ್ಟು ನಿಧಾನಕ್ಕೂ ಎಳೆಯುತ್ತದೆ, ಗೇರಿಗೆ ಕೈ ಹಾಕುವ ಕೆಲಸವೇ ಕಮ್ಮಿ.

ಅದೂ ಒಂದು ರೀತಿಯ ಪುಣ್ಯ. ಯಾಕೆಂದರೆ ಅಂಬಾಸಡರ್ ಗೇರು ಅಂದರೆ ಎಲ್ಲರಿಗೂ ಗೊತ್ತಿರುವ ತಲೆನೋವು. ಸ್ಟೇರಿಂಗ್ ಕೆಳಗಿನ ಕೋಲಿನಿಂದ ಗೇರ್‌ಬಾಕ್ಸ್ ತನಕ ಹಲವು ಕಡ್ಡಿ, ಕೀಲು ದಾಟಿ ಹೋಗಬೇಕು. ಆ ಕೀಲುಗಳ ಬುಷ್ಷು ಸವೆದರೆ ಗೇರು ಎರಡರ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಆಗ ಇಳಿದು, ಬಾನೆಟ್ ಎತ್ತಿ, ಕೈಯಲ್ಲಿ ಕಡ್ಡಿ ಸರಿಸಿ ಬಿಡಿಸಬೇಕು. ಆ ಕಾಲದ ಟ್ಯಾಕ್ಸಿ ಡ್ರೈವರುಗಳು ಇದನ್ನು ಬೀಡಿ ಕಚ್ಚಿಕೊಂಡೇ ಮಾಡಿ ಮುಗಿಸುತ್ತಿದ್ದರು. ಇನ್ನೊಂದು, ಮೊದಲ ಗೇರಿಗೆ ಸಿಂಕ್ರೋ, ಅಂದರೆ ಓಡುವಾಗಲೂ ಗೇರು ಸದ್ದಿಲ್ಲದೆ ಕೂರುವ ಏರ್ಪಾಡು, ಇಲ್ಲ. ಗಾಡಿ ಓಡುತ್ತಿರುವಾಗಲೇ ಫಸ್ಟ್‌ಗೆ ಇಳಿಸಬೇಕು ಅಂದರೆ ಕ್ಲಚ್ಚು ಎರಡು ಸಲ ತುಳಿದು, ನಡುವೆ ಆಕ್ಸಿಲರೇಟರ್ ಒಮ್ಮೆ ಕೊಟ್ಟು ಹಾಕಬೇಕು. ಇಲ್ಲದಿದ್ದರೆ ಕರಕರ ಸದ್ದು, ಹಿಂದಿನಿಂದ ದೊಡ್ಡಪ್ಪನ ಕೆಮ್ಮು.

ಫಿಯಟ್‌ನ ಗೇರೂ ಅದೇ ಜಾಗದಲ್ಲಿದೆ. ಆದರೆ ಎರಡು ಬೆರಳಲ್ಲಿ ಹಾಕಬಹುದು. ಇದು ಉತ್ಪ್ರೇಕ್ಷೆ ಅಲ್ಲ. ಸ್ಟೇರಿಂಗ್ ಹಗುರ, ಕ್ಲಚ್ಚು ಹಗುರ, ಎಂಜಿನ್ನು ಕಾಲಿಟ್ಟ ತಕ್ಷಣ ಏರುತ್ತದೆ. ಮೈಸೂರಿನಂತಹ ಊರಿನಲ್ಲಿ, ಸಂತೆಪೇಟೆಯ ಗಲ್ಲಿಯಲ್ಲಿ ನುಗ್ಗಿಸುವುದಕ್ಕೆ ಹೇಳಿ ಮಾಡಿಸಿದ ಗಾಡಿ. ಕಾರು ಕಲಿಯುವವರಿಗೆ ಫಿಯಟ್ಟೇ ಸರಿ ಅಂತ ಎಲ್ಲರೂ ಹೇಳುತ್ತಿದ್ದದ್ದು ಸುಮ್ನೆ ಅಲ್ಲ. ನಮ್ಮತ್ತೆ ಕಾರು ಕಲಿತದ್ದೂ ಅದರಲ್ಲೇ. 1970ರ ದಶಕದಲ್ಲಿ ಹೆಂಗಸರು ತಾವೇ ಓಡಿಸಿಕೊಂಡು ಹೋಗುತ್ತಿದ್ದ ಕಾರು ನೋಡಿದ್ದೇನೆ ಅಂದರೆ, ಅದು ಹೆಚ್ಚುಕಡಿಮೆ ಫಿಯಟ್ಟೇ ಆಗಿರುತ್ತಿತ್ತು. ಅಂಬಾಸಡರ್‌ನಲ್ಲಿ ಡ್ರೈವರ್ ಇರುತ್ತಿದ್ದ, ಯಜಮಾನರು ಹಿಂದೆ ಕೂರುತ್ತಿದ್ದರು. ಮಂತ್ರಿಗಳು, ಡಿಸಿ ಸಾಹೇಬರು ಎಲ್ಲರಿಗೂ ಬಿಳಿ ಅಂಬಾಸಡರ್ರೇ ಯಾಕೆ ಬೇಕಿತ್ತು ಅನ್ನುವುದು ಅದರ ಹಿಂದಿನ ಸೀಟಿನಲ್ಲಿ ಕೂತರೆ ಗೊತ್ತಾಗುತ್ತದೆ. ಮುಂದಿನ ಸೀಟಿನಲ್ಲಿ ಕೂತರೆ ಗೊತ್ತಾಗುವುದಿಲ್ಲ.

ಹೆರಾಲ್ಡ್‌ನ ಗೇರು ನೆಲದಿಂದ ಎದ್ದ ಪುಟ್ಟ ಕೋಲು. ಕೀಲು, ಕಡ್ಡಿ ಯಾವ ತಾಪತ್ರಯವೂ ಇಲ್ಲ. ಟಕ್ ಅಂತ ಬೀಳುತ್ತದೆ. ಅದರ ಸ್ಟೇರಿಂಗ್ ಮಾತ್ರ ಬೇರೆಯೇ ಲೋಕ. 25 ಅಡಿಯ ವೃತ್ತದಲ್ಲಿ ಪೂರ್ತಿ ತಿರುಗುತ್ತದೆ. ಮುಂದಿನ ಚಕ್ರ ಇನ್ನೇನು ಅಡ್ಡಡ್ಡ ನಿಂತೇಬಿಟ್ಟಿತು ಅನ್ನಿಸುವಷ್ಟು ತಿರುಗುತ್ತಿತ್ತು. ಡಾಕ್ಟರ ಜೊತೆ ರಾತ್ರಿ ಹೋಗುತ್ತಿದ್ದ ದಾರಿಗಳು ಎಂಥವು ಅಂದರೆ, ಎರಡೂ ಕಡೆ ಅಗಳು, ಕೊನೆಗೆ ಯಾರದೋ ಅಂಗಳ, ಅಲ್ಲೇ ದಾರಿ ಮುಗಿಯಿತು. ಅಂತಹ ಅಂಗಳದಲ್ಲಿ ಹೆರಾಲ್ಡ್ ಒಂದೇ ಸಲಕ್ಕೆ ತಿರುಗಿ ಮುಖ ಮಾಡಿ ನಿಲ್ಲುತ್ತಿತ್ತು. ಅದೇ ಜಾಗಕ್ಕೆ ಅಂಬಾಸಡರ್ ಒಯ್ದರೆ ಯಾರಾದರೊಬ್ಬರು ಲಾಟೀನು ಹಿಡಿದು "ಬರಲಿ, ಬರಲಿ, ಹೋಲ್ಡ್" ಅಂತ ಹೇಳುತ್ತಿರಬೇಕು. ಇವತ್ತಿನ ಪವರ್ ಸ್ಟೇರಿಂಗ್ ಕಾರುಗಳಲ್ಲೂ ಅಷ್ಟು ಚಿಕ್ಕದಾಗಿ ತಿರುಗುವುದು ನನಗೆ ಸಿಕ್ಕಿಲ್ಲ.

ಈಗ ಘಾಟಿ. ಹತ್ತುವುದಕ್ಕಿಂತ ಮುಂಚೆ ಇಳಿಯುವುದರ ಮಾತು, ಏಕೆಂದರೆ ಹೆದರಿಕೆ ಇರುವುದು ಅಲ್ಲಿ. ಮೂರರಲ್ಲೂ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಡ್ರಮ್ ಬಿಸಿಯಾದರೆ ಹಿಡಿತ ಬಿಡುತ್ತದೆ, ಪೆಡಲು ತುಳಿದರೂ ಗಾಡಿ ಕೇಳುವುದಿಲ್ಲ. ಆಗುಂಬೆಯ ಮೊದಲ ತಿರುವಿನಲ್ಲೇ ಸೆಕೆಂಡ್ ಗೇರಿಗೆ ಹಾಕಿ, ಎಂಜಿನ್ ಹಿಡಿತದಲ್ಲೇ ಇಳಿಸಬೇಕು. ಬ್ರೇಕು ಬರೀ ತಿರುವಿಗೆ. ತುಂಬಿದ ಅಂಬಾಸಡರ್‌ನಲ್ಲಿ ಈ ನಿಯಮ ತಪ್ಪಿದರೆ ಸೋಮೇಶ್ವರ ತಲುಪುವಾಗ ಬ್ರೇಕ್ ಲೈನಿಂಗ್ ವಾಸನೆ ಒಳಗೆ ತುಂಬುತ್ತದೆ. ಫಿಯಟ್ ಹಗುರ ಆದ್ದರಿಂದ ಸ್ವಲ್ಪ ಮಾಫಿ ಇದೆ. ಹೆರಾಲ್ಡ್‌ಗೆ ಬ್ರೇಕಿನ ತಕರಾರಿಲ್ಲ, ಬೇರೆಯದೇ ಒಂದಿದೆ.

ಅದರ ಹಿಂದಿನ ಎರಡು ಚಕ್ರ ಒಂದಕ್ಕೊಂದು ಸಂಬಂಧ ಇಲ್ಲದೆ ಮೇಲೆ ಕೆಳಗೆ ಆಡುತ್ತವೆ. ಆ್ಯಕ್ಸಲ್ ಎರಡು ತುಂಡು, ನಡುವಿನ ಗೇರು ಪೆಟ್ಟಿಗೆ ಡಿಫರೆನ್ಷಿಯಲ್ ಪಕ್ಕದಲ್ಲಿ ಕೀಲು. ಮೇಲೆ ಅಡ್ಡಕ್ಕೆ ಒಂದೇ ಪ್ಲೇಟು ಸ್ಪ್ರಿಂಗು. ಸ್ವಿಂಗ್ ಆ್ಯಕ್ಸಲ್ ಅನ್ನುತ್ತಾರೆ. ನೆಟ್ಟಗಿನ ದಾರಿಯಲ್ಲಿ ಚೆಂದ. ಆದರೆ ಜೋರಾಗಿ ತಿರುಗುವಾಗ ತಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಗಾಡಿಯ ಹಿಂಭಾಗ ಮೇಲೇಳುತ್ತದೆ, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ, ಬಾಲ ಜಾರುತ್ತದೆ. ಡಾಕ್ಟರು ಮೊದಲ ದಿನವೇ ಹೇಳಿದ್ದರು. "ತಿರುವಿನ ನಡುವೆ ಕಾಲು ತೆಗೀಬೇಡ ಮಾರಾಯ. ಮೊದಲೇ ನಿಧಾನ ಮಾಡು, ಆಮೇಲೆ ತಿರುಗಿಸು." ಆ ಮಾತು ಪಾಲಿಸಿದರೆ ಹೆರಾಲ್ಡ್‌ನಷ್ಟು ಖುಷಿ ಕೊಡುವ ಗಾಡಿ ಇಲ್ಲ. ಕೊನೆಗೆ 1972ರಲ್ಲಿ ಅದರ ಜಾಗಕ್ಕೆ ಬಂದ ಗೆಜೆಲ್‌ಗೆ ಎಲ್ಲರ ಹಾಗೆ ಗಟ್ಟಿ ಆ್ಯಕ್ಸಲ್ಲನ್ನೇ ಹಾಕಿದರು.

ಹತ್ತುವಾಗ ಏನಾಗುತ್ತದೆ? ಎಂಟು ಜನ, ಉಡುಪಿಯಿಂದ ಕೊಂಡ ತೆಂಗಿನಕಾಯಿ, ಮಟ್ಟು ಗುಳ್ಳ ಬದನೆಕಾಯಿ, ಎಲ್ಲ ತುಂಬಿಕೊಂಡು ಅಂಬಾಸಡರ್ ನಿಧಾನಕ್ಕೆ ಹತ್ತುತ್ತದೆ. ಬಿಡುವುದಿಲ್ಲ. ಹೇರ್‌ಪಿನ್ ಬಂದಾಗ ದೂರದಿಂದಲೇ ರಸ್ತೆಯ ಹೊರ ಅಂಚಿಗೆ ತಂದು ಅಗಲಕ್ಕೆ ತಿರುಗಿಸಬೇಕು. ನಡುವೆ ಎಲ್ಲೋ ರೇಡಿಯೇಟರ್ ಕುದಿಯುತ್ತದೆ. ಅದಕ್ಕಂತಲೇ ಡಿಕ್ಕಿಯಲ್ಲಿ ಒಂದು ಡಬ್ಬ ನೀರು. ಮಳೆಗಾಲವಾದರೆ ಡಬ್ಬವೂ ಬೇಡ, ತಿರುವು ತಿರುವಿಗೂ ಝರಿ. ಬಿಸಿ ಇರುವಾಗಲೇ ಮುಚ್ಚಳ ತೆಗೆಯಬಾರದು ಅನ್ನುವುದನ್ನು ಆ ಕಾಲದ ಮಕ್ಕಳೂ ಬಲ್ಲರು.

ಅದೇ ಫಿಯಟ್‌ನಲ್ಲಿ ನಾಲ್ಕು ಜನ ಇದ್ದರೆ ಘಾಟಿ ಹತ್ತುವುದು ಆಟ. ಆರು ಜನ ಇದ್ದರೆ ಫಸ್ಟ್ ಗೇರು, ಸೆಕೆಂಡ್ ಗೇರು, ಮತ್ತೆ ಫಸ್ಟ್. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮಾತ್ರ ಒಂದು ಕಾಯಿಲೆ, ವೇಪರ್ ಲಾಕ್. ಪೆಟ್ರೋಲು ಪಂಪಿನಲ್ಲೋ ಪೈಪಿನಲ್ಲೋ ಬಿಸಿಗೆ ಆವಿಯಾಗಿಬಿಡುತ್ತದೆ. ಪಂಪು ಆವಿಯನ್ನು ಎಳೆಯುತ್ತದೆ, ಕಾರ್ಬೊರೇಟರಿಗೆ ಪೆಟ್ರೋಲು ಹೋಗುವುದಿಲ್ಲ, ಗಾಡಿ ಗುಕ್‌ಗುಕ್ ಅಂದು ನಿಲ್ಲುತ್ತದೆ. ಹಳೆಯ ಪೆಟ್ರೋಲ್ ಕಾರುಗಳಿಗೆಲ್ಲ ಇದ್ದದ್ದೇ. ಔಷಧವೂ ಸುಲಭ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಒಂದು ಕಾಫಿ ಕುಡಿಯುವಷ್ಟು ಹೊತ್ತು ಕೂರುವುದು. ಮಾವ ಹೆಬ್ರಿಯಲ್ಲೇ ಒಂದು ಟವೆಲ್ ಒದ್ದೆ ಮಾಡಿಟ್ಟುಕೊಳ್ಳುತ್ತಿದ್ದರು. ಮುಂಜಾಗ್ರತೆ ಅಂದರೆ ಅದು.

ಹೆರಾಲ್ಡ್‌ಗೆ 948 ಸಿಸಿ ಸಾಲುವುದಿಲ್ಲ ಅನ್ನಿಸುತ್ತಿತ್ತು. ಎಂಜಿನ್ನನ್ನು ಕೂಗಿಸಿಯೇ ಹತ್ತಬೇಕು. ಆದರೆ ಹೇರ್‌ಪಿನ್ನಿನಲ್ಲಿ ಮಿಕ್ಕ ಗಾಡಿಗಳು ನಿಂತು ಏದುಸಿರು ಬಿಡುವಾಗ ಇದು ಒಳ ಅಂಚು ಹಿಡಿದು ಸರ್ರನೆ ತಿರುಗಿ ಮುಂದೆ ಹೋಗಿಬಿಡುತ್ತಿತ್ತು.

ಮಳೆಯಲ್ಲಿ ಮೂರೂ ಒಂದೇ ಜಾತಿ. ವೈಪರ್ ಇದೆ ಅಂತ ಹೆಸರಿಗೆ. ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ತೇವ ಸೇರಿದರೆ ಪ್ಲಗ್ಗಿಗೆ ಕಿಡಿ ಹೋಗದೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಕ್ಯಾಪು ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಬೇಕು. ಆ ಒಣ ಬಟ್ಟೆಯೇ ಆಗುಂಬೆಯಲ್ಲಿ ಜುಲೈ ತಿಂಗಳಲ್ಲಿ ಸಿಗದ ವಸ್ತು. ಆದರೆ ಇಲ್ಲೊಂದು ವ್ಯತ್ಯಾಸ ಇತ್ತು, ಬಾನೆಟ್. ಅಂಬಾಸಡರ್, ಫಿಯಟ್ ಎರಡರಲ್ಲೂ ಮಡ್‌ಗಾರ್ಡಿನ ಮೇಲೆ ಬಗ್ಗಿ, ಹೊಟ್ಟೆ ಒತ್ತಿಕೊಂಡು ಕೆಲಸ ಮಾಡಬೇಕು. ಹೆರಾಲ್ಡ್‌ನಲ್ಲಿ ಎರಡು ಪಕ್ಕದ ಚಿಲಕ ಬಿಚ್ಚಿದರೆ ಬಾನೆಟ್ಟು, ಮಡ್‌ಗಾರ್ಡು, ದೀಪ ಎಲ್ಲ ಸೇರಿ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಎಂಜಿನ್ನು ಪೂರ್ತಿ ಬಯಲು. ಮುಂದಿನ ಟೈರಿನ ಮೇಲೆ ಹಾಯಾಗಿ ಕೂತು ಪಾಯಿಂಟ್ ಸೆಟ್ ಮಾಡಬಹುದು, ಪ್ಲಗ್ ಬಿಚ್ಚಬಹುದು. ರಿಪೇರಿ ಮಾಡುವವನ ಬೆನ್ನಿನ ಬಗ್ಗೆ ಯೋಚನೆ ಮಾಡಿದ ಕಾರು ಅದೊಂದೇ.

ಹಾಗಿದ್ದೂ ನಮ್ಮೂರ ಮೇಸ್ತ್ರಿಗೆ ಹೆರಾಲ್ಡ್ ಕಂಡರೆ ಆಗುತ್ತಿರಲಿಲ್ಲ. ನನ್ನ ಪ್ರಕಾರ ಇಡೀ ಹೋಲಿಕೆಯ ಗಂಟು ಇರುವುದು ಇಲ್ಲಿಯೇ. ನಾವು ಸಿಸಿ, ಮೈಲೇಜು, ಸೀಟು ಅಂತ ವಾದ ಮಾಡುತ್ತೇವೆ. ಆ ಕಾಲದಲ್ಲಿ ಒಂದು ಕಾರು ಒಳ್ಳೆಯದೋ ಕೆಟ್ಟದೋ ಅಂತ ತೀರ್ಮಾನ ಮಾಡುತ್ತಿದ್ದದ್ದು ಹತ್ತಿರದ ಗ್ಯಾರೇಜು. ಅಂಬಾಸಡರ್ ಸರ್ಕಾರಿ ಗಾಡಿ, ಟ್ಯಾಕ್ಸಿ, ಸಾಹುಕಾರರ ಗಾಡಿ. ಹಾಗಾಗಿ ಪ್ರತಿ ಊರಿನಲ್ಲೂ ಅದನ್ನು ಕಣ್ಣು ಮುಚ್ಚಿ ಬಿಚ್ಚುವವರಿದ್ದರು. ಫ್ಯಾನ್ ಬೆಲ್ಟು, ಕಂಡೆನ್ಸರು, ಕ್ಲಚ್ ಪ್ಲೇಟು ತೀರ್ಥಹಳ್ಳಿಯಲ್ಲೇ ಸಿಗುತ್ತಿತ್ತು. ಸಿಗದಿದ್ದರೆ ಶಿವಮೊಗ್ಗ, ಅದೇ ದಿನ ಬಸ್ಸಿನಲ್ಲಿ ಬರುತ್ತಿತ್ತು. ಫಿಯಟ್ ಸಾಮಾನಿಗೆ ಶಿವಮೊಗ್ಗಕ್ಕೆ ಹೇಳಿ ಕಳಿಸಬೇಕಿತ್ತು. ಮೈಸೂರಿನಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೇಕಾದಷ್ಟು. ಹೆರಾಲ್ಡ್ ಸಾಮಾನು ಅಂದರೆ ಮದ್ರಾಸು. ಕಾಗದ ಬರೆದು, ಪಾರ್ಸೆಲ್ಲಿಗೆ ಕಾಯಬೇಕು. ಬಂದದ್ದು ಬೇರೆ ಮಾಡೆಲ್ಲಿನದಾದರೆ ಮತ್ತೆ ಕಾಗದ. ಅಷ್ಟು ದಿನ ಡಾಕ್ಟರು ದೊಡ್ಡಪ್ಪನ ಅಂಬಾಸಡರ್ ಕೇಳಿ ಪಡೆದು ರೋಗಿ ನೋಡಲು ಹೋಗುತ್ತಿದ್ದರು. ಸುಲಭವಾಗಿ ಬಿಚ್ಚಲು ಬರುವ ಕಾರು, ಬಿಚ್ಚಿದ ಮೇಲೆ ಹಾಕಲು ಸಾಮಾನಿಲ್ಲ. ಬೋಲ್ಟು ಹಾಕಿದ ಬಾಡಿ ನಮ್ಮ ರಸ್ತೆಯಲ್ಲಿ ಸಡಿಲವಾಗುವುದೂ ಇತ್ತು. ಆಗಾಗ ಸ್ಪ್ಯಾನರ್ ಹಿಡಿದು ಸುತ್ತಲೂ ಬಿಗಿ ಮಾಡಿಕೊಳ್ಳಬೇಕು.

ಹೊಸ ಕಾರು ಕೊಳ್ಳುವುದಂತೂ ಕೇಳಲೇಬೇಡಿ. ಲೈಸೆನ್ಸ್ ರಾಜ್ಯದ ಕಾಲ. ಎಷ್ಟು ಕಾರು ಮಾಡಬೇಕು ಅನ್ನುವುದನ್ನೂ ಸರ್ಕಾರವೇ ಹೇಳುತ್ತಿತ್ತು. ದುಡ್ಡು ಕಟ್ಟಿ ಬುಕ್ ಮಾಡಿ ವರ್ಷಗಟ್ಟಲೆ ಕಾಯುವುದು ಮಾಮೂಲು, ಅದರಲ್ಲೂ ಫಿಯಟ್‌ಗೆ ಸಾಲು ಜಾಸ್ತಿ. ಮಗಳು ಹುಟ್ಟಿದಾಗ ಬುಕ್ ಮಾಡಿದರೆ ಮದುವೆಗೆ ಬರುತ್ತದೆ ಅಂತ ತಮಾಷೆ ಮಾಡುತ್ತಿದ್ದರು. ಮಾವ ಕಾದು ಕಾದು ಬೇಸತ್ತು, ಹಳೆಯದನ್ನೇ ಕೊಂಡರು. ಮೈಲೇಜಿನಲ್ಲಿ ಫಿಯಟ್ ಮುಂದೆ. ಅಂಬಾಸಡರ್ ಲೀಟರಿಗೆ ಒಂಬತ್ತು ಹತ್ತು ಕೊಟ್ಟರೆ ಇದು ಹನ್ನೆರಡರ ತನಕ ಕೊಡುತ್ತಿತ್ತು. ಹೆರಾಲ್ಡ್ ಅದಕ್ಕಿಂತ ಒಂದಿಷ್ಟು ಜಾಸ್ತಿ. 80ರ ದಶಕದಲ್ಲಿ ಅಂಬಾಸಡರ್‌ಗೆ ಡೀಸೆಲ್ ಎಂಜಿನ್ ಬಂದ ಮೇಲೆ ಟ್ಯಾಕ್ಸಿಯವರು ಈ ಲೆಕ್ಕ ಹಾಕುವುದನ್ನೇ ಬಿಟ್ಟರು.

ಇಲ್ಲಿ ಬೆಂಗಳೂರಿನದೊಂದು ಕಾರಿನ ಹೆಸರು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. 1982ರಲ್ಲಿ ಸಿಪಾನಿಯವರು ಡಾಲ್ಫಿನ್ ಅಂತ ತಂದರು. ಅದೂ ಇಂಗ್ಲೆಂಡಿನದೇ, ರಿಲಯಂಟ್ ಕಿಟನ್. 848 ಸಿಸಿ, ಫೈಬರ್ ಬಾಡಿ, ಎರಡು ಬಾಗಿಲು. ಶಿವಮೊಗ್ಗದ ಗೆಳೆಯನೊಬ್ಬನ ಡಾಲ್ಫಿನ್ನನ್ನು ಒಂದು ಸುತ್ತು ಓಡಿಸಿದ್ದೆ. ಹಗುರ ಅಂದರೆ ಹಗುರ, ಬಾಣ ಬಿಟ್ಟ ಹಾಗೆ ಹೊರಟಿತು. ರ್‍ಯಾಲಿ ಹುಡುಗರಿಗೆ ಅದರ ಮೇಲೆ ಬಹಳ ಪ್ರೀತಿ. ಆದರೆ ಅದರ ಗ್ರಹಚಾರ, ಮರುವರ್ಷ ಡಿಸೆಂಬರಿನಲ್ಲೇ ಮಾರುತಿ 800 ಬಂದುಬಿಟ್ಟಿತು. ಯೂರೋಪಿನ ಹಳೆಯ ಗಾಡಿಗಳ ದರ್ಬಾರು ಅಲ್ಲಿಂದ ಇಳಿಯಿತು. ಕೀ ತಿರುಗಿಸಿದರೆ ಸ್ಟಾರ್ಟ್ ಆಗುವ ಕಾರು ಸಿಕ್ಕ ಮೇಲೆ ಚೋಕ್ ಎಳೆದು, ಹ್ಯಾಂಡಲ್ ಹೊಡೆಯುವವರು ಯಾರು?

ಇಷ್ಟೆಲ್ಲ ಆದ ಮೇಲೆ ನನ್ನ ತೀರ್ಪು ಕೇಳಿದರೆ, ಓಡಿಸುವುದಕ್ಕೆ ಫಿಯಟ್. ಹೆರಾಲ್ಡ್ ಕೊಡುವ ಮಜಾ ಜಾಸ್ತಿ ನಿಜ, ಆದರೆ ಅದು ಯಾವಾಗಲೂ ಎಚ್ಚರ ಕೇಳುತ್ತದೆ. ಫಿಯಟ್ ಕೇಳುವುದಿಲ್ಲ. ಸುಸ್ತಾಗಿ ಊರಿಗೆ ಮರಳುವ ರಾತ್ರಿಯಲ್ಲಿ ಮೂರು ಕೀಗಳಲ್ಲಿ ಒಂದನ್ನು ತೆಗೆದುಕೊ ಅಂದರೆ ನನ್ನ ಕೈ ಫಿಯಟ್ ಕೀಗೇ ಹೋಗುತ್ತಿತ್ತು. ದೊಡ್ಡಪ್ಪನ ಮಗನನ್ನು ಕೇಳಿದರೆ ಅವನು ಅಂಬಾಸಡರ್ ಅನ್ನುತ್ತಾನೆ. ಅವನು ಓಡಿಸಿದ್ದು ಕಮ್ಮಿ, ಹಿಂದೆ ಮಲಗಿ ಬಂದದ್ದು ಜಾಸ್ತಿ. ಅವನ ದೃಷ್ಟಿಯಲ್ಲಿ ಅವನು ಹೇಳುವುದೂ ಸರಿಯೇ. ಮನೆಗೆ ಒಂದೇ ಕಾರು, ಹತ್ತು ಜನ ಅಂತಿದ್ದರೆ ನಾನೂ ಅಂಬಾಸಡರ್ರನ್ನೇ ಕೊಳ್ಳುತ್ತಿದ್ದೆ, ಬೈದುಕೊಂಡು.

ಅಂಬಾಸಡರ್ ಹೆಸರನ್ನು 2017ರಲ್ಲಿ ಫ್ರಾನ್ಸಿನ ಪೆಜೊ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಮುಂಬಯಿಯ ಕೊನೆಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರಿನಲ್ಲಿ ರಿಜಿಸ್ಟರ್ ಆಗಿತ್ತು, ಇಪ್ಪತ್ತು ವರ್ಷದ ಮಿತಿ ಮುಗಿದು 2023ರಲ್ಲಿ ರಸ್ತೆ ಬಿಟ್ಟಿತು. ಈಗ ನಮ್ಮ ಹುಡುಗರಿಗೆ ಹಳೆಯ ಕಾರಿನ ಹುಚ್ಚು ಹತ್ತಿದೆ. ತಂಗಿಯ ಮಗ ಬೆಂಗಳೂರಿನಿಂದ ಫೋನ್ ಮಾಡಿ, "ಮಾಮ, ಮೂರರಲ್ಲಿ ಯಾವುದು ತಗೊಳ್ಳಲಿ?" ಅಂತ ಕೇಳಿದ. ಅಂಬಾಸಡರ್, ಫಿಯಟ್ ಎರಡಕ್ಕೂ ಷಾಸಿ ಬೇರೆ ಇಲ್ಲ, ಬಾಡಿಯೇ ಎಲ್ಲ. ಹಾಗಾಗಿ ಕಾರ್ಪೆಟ್ ಎತ್ತಿ ನೆಲದ ತಗಡು ನೋಡು, ಬಾಗಿಲ ಕೆಳಗಿನ ಪಟ್ಟಿಯನ್ನು ಸ್ಕ್ರೂಡ್ರೈವರಿನಲ್ಲಿ ಚುಚ್ಚಿ ನೋಡು, ಒಳಗೆ ಹೋದರೆ ಬಿಟ್ಟುಬಿಡು ಅಂದೆ. ಪೇಂಟಿನ ಹೊಳಪು ನೋಡಿ ಮರುಳಾಗಬೇಡ ಅಂತಲೂ ಹೇಳಿದೆ.

ಹೆರಾಲ್ಡ್ ಮಾತ್ರ ಬೇಡ, ಸಾಮಾನು ಸಿಗುವುದಿಲ್ಲ ಅಂದೆ. ಅವನು ನಕ್ಕ. ಕಾಲ ಉಲ್ಟಾ ಆಗಿದೆಯಂತೆ. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್‌ಗೆ ಇವತ್ತಿಗೂ ಅಭಿಮಾನಿಗಳಿದ್ದಾರೆ, ಅದರ ಬಿಡಿಭಾಗಗಳನ್ನು ಹೊಸದಾಗಿ ಮಾಡಿ ಮಾರುವವರಿದ್ದಾರೆ. ಬ್ರೇಕ್ ಸಿಲಿಂಡರಿನಿಂದ ಬಾಗಿಲ ರಬ್ಬರಿನವರೆಗೆ ಮೊಬೈಲಿನಲ್ಲೇ ಆರ್ಡರ್ ಮಾಡಿದರೆ ಮನೆಗೆ ಬರುತ್ತದೆ. ಫಿಯಟ್‌ನ ಕೆಲವು ಸಾಮಾನಿಗೆ ಮಾತ್ರ ಈಗ ಗುಜರಿ ಗುಜರಿ ಅಲೆಯಬೇಕು. ನಾನು ಸ್ವಲ್ಪ ಯೋಚನೆ ಮಾಡಿ, ಹಾಗಾದರೆ ಎರಡು ಬಾಗಿಲಿನ ಹೆರಾಲ್ಡ್ ಸಿಕ್ಕರೆ ತಗೋ, ನಾಲ್ಕು ಬಾಗಿಲಿನದು ಬೇಡ ಅಂದೆ. ಅದರ ಹಿಂದಿನ ಬಾಗಿಲು ಮದ್ರಾಸಿನಲ್ಲಿ ಬಿಟ್ಟರೆ ಇನ್ನೆಲ್ಲೂ ಮಾಡಿದ್ದಲ್ಲ.